ಊರಿಗೆಲ್ಲ ಕಡಿಮೆ ಅಂಕಿ

ಜನವರಿ 16

ಬೌದ್ಧ ವಿಹಾರದ ಚಾವಡಿಯಲ್ಲಿ ಇವತ್ತು ಊರಿನ ಅರ್ಧ ಜನ ತೋಳು ಮಡಚಿ ಹತ್ತಿ ಒತ್ತಿಕೊಂಡು ಕೂತಿದ್ದರು. ದೊಡ್ಡ ಆಸ್ಪತ್ರೆಯಿಂದ ಬಂದ ನರ್ಸ್ ನುಚ್ ಮೈಕು ಹಿಡಿದು ಹೇಳಿದ್ದನ್ನೇ ಹೇಳುತ್ತಿದ್ದಳು. ಹಸಿ ಮೀನಿನ ಜೊತೆ ಹೊಟ್ಟೆ ಸೇರುವ ಹುಳ ಲಿವರಿನ ಪಿತ್ತನಾಳದಲ್ಲಿ ಮನೆ ಮಾಡುತ್ತದಂತೆ. ವರ್ಷಗಟ್ಟಲೆ ಇದ್ದರೆ ಅಲ್ಲಿ ಗಂಟು ಬೆಳೆಯಬಹುದಂತೆ, ಬೆಳೆದರೆ ಒಂದು ಬಗೆಯ ಪ್ರೋಟೀನು ರಕ್ತಕ್ಕೆ ಸೋರುತ್ತದಂತೆ. ಅದನ್ನು ಅಳೆದರೆ ಒಂದು ಅಂಕಿ ಸಿಗುತ್ತದೆ. ಮೂವತ್ತೇಳರೊಳಗೆ ಇದ್ದರೆ ಸರಿ, ದಾಟಿದರೆ ಹುಡುಕಬೇಕು. "ಅಂಕಿ ಎಷ್ಟೇ ಬರ್ಲಿ, ಸ್ಕ್ಯಾನಿಗೆ ಮಾತ್ರ ಎಲ್ರೂ ಬರ್ಬೇಕು" ಎಂದು ಕೊನೆಗೆ ಹೇಳಿದಳು. ಅಷ್ಟರಲ್ಲಿ ಸೋಯಾ ಹಾಲಿನ ಪೊಟ್ಟಣ ಹಂಚಲು ಶುರು ಮಾಡಿದ್ದರು. ಇನ್ನು ಯಾರು ಕೇಳುತ್ತಾರೆ.

ಥೋನ್ ಸೂಜಿ ಕಂಡೊಡನೆ ಮುಖ ಆ ಕಡೆ ಹೊರಳಿಸಿದ. ಅಣೆಕಟ್ಟಿನ ದೋಣಿಗಳ ಎಂಜಿನ್ ಬಿಚ್ಚಿ ಮೊಣಕೈತನಕ ಎಣ್ಣೆಯಲ್ಲಿ ಅದ್ದಿಕೊಳ್ಳುವ ಗಂಡಸು ನನ್ನ ಗಂಡ, ಒಂದು ಹನಿ ರಕ್ತಕ್ಕೆ ಬೆವೆತ. ಅವನ ಅಕ್ಕ ಫಿಕುನ್ ಪಕ್ಕದಲ್ಲೇ ಇದ್ದಳು. "ಇವನು ಹುಟ್ಟಿದಾಗ ಸೂಲಗಿತ್ತಿ ಹೆಣ್ಣು ಅಂತಾನೇ ಹೇಳಿದ್ಳು, ಆಮೇಲೆ ನೋಡಿ ತಿದ್ಕೊಂಡ್ಳು" ಎಂದಳು. ಚಾವಡಿಯೆಲ್ಲ ನಕ್ಕಿತು.

ನನಗೆ ನಗು ಬರಲಿಲ್ಲ. ಊಟವಾದ ಮೇಲೆ ಬಲಗಡೆ ಪಕ್ಕೆಯ ಕೆಳಗೆ ಹಿಡಿದುಕೊಳ್ಳುತ್ತಿದೆ ಎಂದು ನಾನು ಯಾರಿಗೂ ಹೇಳಿಲ್ಲ. ಹೊಲಿಗೆ ಅಂಗಡಿಯಲ್ಲಿ ಕೂತು ದಿನವಿಡೀ ಊರವರ ಮಾತು ಕೇಳುವವಳಿಗೆ ತನ್ನ ಮಾತು ಇಡಲು ಜಾಗವಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಫೆಬ್ರುವರಿ 9

ಅಂಕಿ ಬಂತು. ಶಾಲೆಯ ಫಲಿತಾಂಶ ಬಂದ ಹಾಗೆ ಎಲ್ಲರೂ ಕಾಗದ ಹಿಡಿದು ಒಬ್ಬರದ್ದೊಬ್ಬರು ನೋಡಿಕೊಂಡರು. ಯಾರಿಗೆ ಕಡಿಮೆಯೋ ಅವನು ಗೆದ್ದ ಹಾಗೆ. ಅಕ್ಕಿ ಗಿರಣಿಯವನಿಗೆ ಹನ್ನೊಂದು, ಫಿಕುನಕ್ಕನಿಗೆ ಆರು. ಥೋನ್‌ಗೆ ಒಂದೂ ಇಲ್ಲ, ಒಂದಕ್ಕಿಂತ ಕಡಿಮೆ ಎಂದು ಬರೆದಿತ್ತು. ಊರಿಗೆಲ್ಲ ಕಡಿಮೆ ಅವನದೇ. ನುಚ್ ಆ ಕಾಗದವನ್ನು ಎರಡು ಸಲ ನೋಡಿ "ದೊಡ್ಡಪ್ಪ, ನೀವಂತೂ ಸ್ಕ್ಯಾನ್ ತಪ್ಪಿಸ್ಬೇಡಿ" ಎಂದಳು. ಅವನು ಆಗಲೇ ಅದನ್ನು ಲಾಟರಿ ಹೊಡೆದವನ ಹಾಗೆ ಮೇಲೆತ್ತಿ ತಿರುಗಿಸುತ್ತಿದ್ದ.

"ಏಳು ತಲೆಮಾರಿನ ಹಸಿ ಮೀನು ತಿಂದಿರೋ ಬಾಯಿ ಇದು. ಲಿವರ್ ನೋಡ್ರೋ, ತೊಳೆದಿಟ್ಟ ಪಾತ್ರೆ ಹಾಗಿದೆ."

"ಹಂಗಾದ್ರೆ ಗೆದ್ದವ್ನೇ ಊಟ ಹಾಕ್ಬೇಕು" ಎಂದ ಗಿರಣಿಯವನು.

ಸಂಜೆ ನಮ್ಮ ಅಂಗಳದಲ್ಲಿ ಕೋಯ್ ಆಯಿತು. ಅಣೆಕಟ್ಟಿನ ಬಿಳಿ ಮೀನು ಕೊಚ್ಚಿ, ನಿಂಬೆ ಹಿಂಡಿ, ಹುರಿದಕ್ಕಿ ಪುಡಿ, ಮೆಣಸು, ಪುದೀನ ಹಾಕಿ ಕಲಸಿದರು. ನಿಂಬೆಯಲ್ಲಿ ಮೀನು ಬೆಳ್ಳಗಾದರೆ ಬೆಂದ ಹಾಗೇ ಎನ್ನುತ್ತಾರೆ ನಮ್ಮ ಗಂಡಸರು. ಅಂಟಕ್ಕಿ ಅನ್ನದ ಉಂಡೆಯನ್ನು ಅದರಲ್ಲಿ ಅದ್ದಿ ಅದ್ದಿ ತಿಂದರು.

ನನ್ನದು ನೂರಾ ಹದಿನೆಂಟು. ನುಚ್ ನನ್ನನ್ನು ವಿಹಾರದ ಬುದ್ಧನ ಮೂರ್ತಿಯ ಹಿಂದಿನ ಮೂಲೆಗೆ ಕರೆದೊಯ್ದು ಹೇಳಿದ್ದಳು. ನಾನು ಕಾಗದವನ್ನು ಬ್ಲೌಸಿನೊಳಗೆ ಇಟ್ಟುಕೊಂಡು ಬಂದು ಅವರಿಗೆಲ್ಲ ಸೌತೆಕಾಯಿ ಹೆಚ್ಚಿಕೊಟ್ಟೆ.

ಫೆಬ್ರುವರಿ 10

ವಾಸನೆಗೆ ಹೇಸಿ ಒಂದು ತುತ್ತೂ ಹಸಿ ಮೀನು ತಿಂದವಳಲ್ಲ ನಾನು. ತಿಂದವನಿಗೆ ಒಂದೂ ಇಲ್ಲ, ನನಗೆ ನೂರಾ ಹದಿನೆಂಟು. ಇವತ್ತು ಅವನ ಮುಖ ನೋಡಲೂ ಮನಸ್ಸಿಲ್ಲ. ಅವನು ಸಾಯಲಿ ಎಂದಲ್ಲ. ಆದರೆ ನ್ಯಾಯ ಎಲ್ಲಿದೆ.

ಮಾರ್ಚ್ 3

ಸ್ಕ್ಯಾನ್ ವ್ಯಾನು ಬಂತು. ನನ್ನ ಹೊಟ್ಟೆಗೆ ತಣ್ಣನೆಯ ಅಂಟು ಹಚ್ಚಿ ಬಹಳ ಹೊತ್ತು ಉಜ್ಜಿದರು. ಪಿತ್ತನಾಳ ಊದಿದೆ, ಒಳಗೆ ಏನೋ ಇದೆ, ಏನೆಂದು ಇದರಲ್ಲಿ ಕಾಣುವುದಿಲ್ಲ, ನಗರದ ದೊಡ್ಡ ಯಂತ್ರದಲ್ಲೇ ನೋಡಬೇಕು ಎಂದರು. ಸರದಿ ಉದ್ದವಿದೆ, ಕರೆ ಬರುತ್ತದಂತೆ.

ಥೋನ್ ಮೆಟ್ಟಿಲ ಕೆಳಗೆ ನನ್ನ ಚಪ್ಪಲಿ ಹಿಡಿದುಕೊಂಡು ನಿಂತಿದ್ದ. ನುಚ್ ಅವನನ್ನೂ ಕರೆದಳು.

"ದೊಡ್ಡಪ್ಪ, ಮಂಚ ಖಾಲಿ ಇದೆ, ಬನ್ನಿ, ಒಂದ್ನಿಮಿಷ."

"ನಂದು ಪಾಸಾಗಿದೆಯಲ್ಲಮ್ಮ. ಫೇಲಾದೋರಿಗೆ ಕೊಡಿ ಜಾಗ."

"ಪಾಸು ಫೇಲು ಅಂತ ಏನಿಲ್ಲ ಇದ್ರಲ್ಲಿ."

ನಾನೇ ಅವನ ತೋಳು ಹಿಡಿದು ಎಳೆದೆ. ಮನೆಗೆ ಹೋಗಿ ಕದ ಹಾಕಿಕೊಂಡು ಅಳಬೇಕಿತ್ತು ನನಗೆ. "ನಡಿ, ಇವಳ ಹತ್ರ ಮಾತಾಡ್ತಾ ನಿಲ್ಬೇಡ" ಎಂದೆ. ಬಂದುಬಿಟ್ಟೆವು.

ಮಾರ್ಚ್ 5

ಥೋನ್ ಹರಕೆ ಹೊತ್ತ. ನನ್ನನ್ನು ಕೇಳಲೂ ಇಲ್ಲ. ಬೆಳಿಗ್ಗೆ ತಾವರೆ ಮೊಗ್ಗು ಹಿಡಿದು ವಿಹಾರಕ್ಕೆ ಹೋಗಿ, ನನ್ನ ಹೆಂಡತಿ ಕೇಸೋನ್ ಉಳಿದರೆ ಮಳೆಗಾಲದ ವ್ರತ ಪೂರ್ತಿ ಭಿಕ್ಷುವಾಗಿ ಇಲ್ಲೇ ಕೂರುತ್ತೇನೆ, ಒಂದು ದಿನವೂ ಕಡಿಮೆ ಮಾಡುವುದಿಲ್ಲ ಎಂದು ಬುದ್ಧನ ಮುಂದೆ ಹೇಳಿ ಬಂದನಂತೆ. ಇವತ್ತಿನಿಂದಲೇ ಕೋಯ್ ಬಿಟ್ಟ, ಅಕ್ಕಿ ಹೆಂಡ ಬಿಟ್ಟ.

"ಮೂರು ತಿಂಗ್ಳು ಮಧ್ಯಾಹ್ನದ ಮೇಲೆ ಊಟ ಇಲ್ಲ, ಗೊತ್ತಾ ನಿಂಗೆ? ಸಂಜೆ ಆದ್ರೆ ಅಡುಗೆಮನೆ ಸುತ್ತ ಬೆಕ್ಕಿನ ಹಾಗೆ ಸುತ್ತೋನು ನೀನು" ಎಂದೆ.

"ನೀನಿಲ್ದೆ ಸಂಜೆ ಊಟ ಮಾತ್ರ ತಗೊಂಡು ಏನ್ ಮಾಡ್ಲಿ" ಎಂದ.

ಮದುವೆಯಾಗಿ ಇಷ್ಟು ವರ್ಷದಲ್ಲಿ ಅವನ ಬಾಯಿಂದ ಇಂಥ ಮಾತು ಬಂದದ್ದು ಇದೇ ಮೊದಲು. ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ಏಪ್ರಿಲ್ 14

ಹೊಸ ವರ್ಷದ ನೀರಾಟ. ನಾನು ಅಂಗಡಿಯಲ್ಲೇ ಕೂತೆ, ಶಾಲೆ ತೆರೆಯುವ ಮುಂಚೆ ಸಮವಸ್ತ್ರ ಮುಗಿಸಬೇಕು. ಫಿಕುನಕ್ಕ ಒದ್ದೆಯಾಗಿ ಬಂದು ಹೊಲಿಗೆ ಮಿಷನ್ನಿನ ಮೇಲೆ ಕೈಯಾಡಿಸಿದಳು.

"ಕೇಸೋನ್, ತಪ್ಪು ತಿಳ್ಕೋಬೇಡ. ಇದನ್ನ ಯಾರಿಗೆ ಅಂತ ಏನಾದ್ರೂ ಅಂದ್ಕೊಂಡಿದೀಯಾ?"

"ನಿಂಗೇ ಕೊಡ್ತೀನಿ ಅಕ್ಕ. ನನ್ನ ಹೆಣದ ಬಟ್ಟೆ ನೀನೇ ಹೊಲಿ."

"ಅಯ್ಯೋ, ನಾನು ಹಂಗಂದ್ನಾ" ಎಂದಳು. ಆದರೆ ಎಣ್ಣೆ ಹಾಕಿದೆಯಾ ಎಂದು ಚಕ್ರ ತಿರುಗಿಸಿ ನೋಡಿಯೇ ಹೋದಳು.

ಥೋನ್‌ಗೆ ಬೆವರುಸಾಲೆ ಎದ್ದಿದೆ. ಬೆನ್ನು, ಅಂಗಾಲು ಎಲ್ಲ ಕೆರೆದುಕೊಳ್ಳುತ್ತಾನೆ. ಒಂದು ಗುಳ್ಳೆಯೂ ಕಾಣದು. ಪೌಡರ್ ಹಚ್ಚಿದೆ, ಬೈದೆ. ನನ್ನ ನೋವಿನ ಮಾತ್ರೆಯ ನಿದ್ದೆಗೆ ಇವನ ಕೆರೆತ ಬೇರೆ.

ಮೇ 2

ಥೋನ್‌ನ ಪ್ಯಾಂಟುಗಳ ಸೊಂಟವನ್ನು ಮತ್ತೆ ಬಿಗಿ ಮಾಡಿದೆ. ಮಾರ್ಚಿನಲ್ಲಿ ಒಮ್ಮೆ ಮಾಡಿದ್ದೆ. ಹೆಂಡ ಬಿಟ್ಟದ್ದಕ್ಕೆ ಹೊಟ್ಟೆ ಇಳಿದಿದೆ, ಮದುವೆ ಗಂಡಿನ ಹಾಗೆ ಕಾಣುತ್ತೀಯ ಎಂದೆ. ನಕ್ಕ. ಅನ್ನದ ಬುಟ್ಟಿಯನ್ನು ನನ್ನ ಕಡೆಗೇ ತಳ್ಳುತ್ತಾನೆ. ನನ್ನ ಚಿಂತೆ ಅವನನ್ನು ತಿನ್ನುತ್ತಿದೆ, ಪಾಪ. ನಾನು ಹೋದರೆ ಇವನು ಏನಾಗುತ್ತಾನೋ.

ಮೇ 21

ಇನ್ನೂ ಕರೆ ಬಂದಿಲ್ಲ. ರಾತ್ರಿಯಾದರೆ ಸಾಯುವುದರ ಬಗ್ಗೆಯೇ ಯೋಚನೆ. ಚಿತೆಯ ಬೆಂಕಿಗೆ ಹೆದರಿಕೆಯಿಲ್ಲ, ಅದಕ್ಕೆ ಮುಂಚಿನ ನೋವಿಗೆ ಹೆದರಿಕೆ.

ಥೋನ್ ಬಚ್ಚಲಿಗೆ ನೀರು ಸರಿಯಾಗಿ ಹೊಯ್ಯುವುದಿಲ್ಲ. ಉಚ್ಚೆ ಸಂತೆಯಲ್ಲಿ ಮಾರುವ ಕಡು ಚಹಾದ ಬಣ್ಣ. ಬಿಸಿಲಲ್ಲಿ ದೋಣಿ ರಿಪೇರಿ ಮಾಡಿ ನೀರು ಕುಡಿಯದಿದ್ದರೆ ಹೀಗೇ ಆಗುವುದು. ಎಳನೀರು ತಂದಿಟ್ಟೆ.

ಜೂನ್ 18

ಕಲ್ಲು.

ನನ್ನೊಳಗೆ ಇದ್ದದ್ದು ಕಲ್ಲು, ಬಟಾಣಿಯಷ್ಟು ದೊಡ್ಡದು. ಪಿತ್ತನಾಳಕ್ಕೆ ಬೆಣೆ ಹೊಡೆದ ಹಾಗೆ ಕೂತಿತ್ತಂತೆ. ಬಾಯಿಯಿಂದ ಕೊಳವೆ ಇಳಿಸಿ ತೆಗೆದೇಬಿಟ್ಟರು. ದಾರಿ ಕಟ್ಟಿಕೊಂಡು ನಂಜಾದರೂ ಆ ಪ್ರೋಟೀನು ಏರುತ್ತದಂತೆ, ಇನ್ನು ತಾನೇ ಇಳಿಯುತ್ತದಂತೆ. ಇದನ್ನು ಹೇಳಿದ ವೈದ್ಯೆಯ ಕೈ ಹಿಡಿದುಕೊಂಡು ಬಿಡಲೇ ಇಲ್ಲ ನಾನು. ಬದುಕಿದೆ. ಬದುಕಿದೆ. ಬದುಕಿದೆ. ಎಷ್ಟು ಸಲ ಬರೆದರೂ ಸಾಲದು.

ಥೋನ್ ಹೊರಗಿನ ಬೆಂಚಿನ ಮೇಲೆ ಕೂತು ಮುಖ ಮುಚ್ಚಿಕೊಂಡು ಅತ್ತ. ಅತ್ತು ಅತ್ತು, ನಿದ್ದೆಗೆಟ್ಟು, ಕಣ್ಣು ಹಳದಿಯಾಗಿತ್ತು. ಆಸ್ಪತ್ರೆಯ ದೀಪದಲ್ಲಿ ಎಲ್ಲರೂ ಹಾಗೇ ಕಾಣುತ್ತಾರೆ. ಬಸ್ಸಿನಲ್ಲಿ ನನ್ನ ಹೆಗಲ ಮೇಲೆ ತಲೆಯಿಟ್ಟು ಊರು ಬರುವ ತನಕ ನಿದ್ದೆ ಹೋದ. ರೋಗಿ ನಾನೋ ಅವನೋ ಎಂದು ಎದುರಿನ ಸೀಟಿನವಳು ನಕ್ಕಳು.

ಜುಲೈ 19

ಹರಕೆ ತೀರಿಸುವ ದಿನ. ಮೊದಲ ಕೂದಲು ನಾನೇ ಕತ್ತರಿಸಿದೆ, ಆಮೇಲೆ ಫಿಕುನಕ್ಕ, ಆಮೇಲೆ ಊರು. ತಲೆ, ಹುಬ್ಬು ಎಲ್ಲ ಬೋಳಿಸಿ ಮೈಗೆಲ್ಲ ಅರಿಶಿನ ಬಳಿದರು. ಹುಬ್ಬಿಲ್ಲದ ಥೋನ್ ಸಿಪ್ಪೆ ಸುಲಿದ ಮೊಟ್ಟೆಯ ಹಾಗಿದ್ದ. ಮೆರವಣಿಗೆಯಲ್ಲಿ ಗಿರಣಿಯವನು ಅವನನ್ನು ಹೆಗಲ ಮೇಲೆ ಹೊತ್ತು "ಏನೋ ಇದು, ಒಳಗೆ ಮೂಳೆ ಬಿಟ್ಟು ಏನೂ ಇಲ್ವಲ್ಲೋ" ಎಂದ.

ಕಾವಿ ಉಟ್ಟು ಹೊರಗೆ ಬಂದಾಗ ನಾನು ಮೊಣಕಾಲೂರಿ ಹಣೆ ನೆಲಕ್ಕೆ ಹಚ್ಚಿ ಮೂರು ಸಲ ಅಡ್ಡಬಿದ್ದೆ. ಇನ್ನು ಅವನು ನನ್ನನ್ನು ಮುಟ್ಟುವ ಹಾಗಿಲ್ಲ, ನಾನು ಅವನನ್ನು ಮುಟ್ಟುವ ಹಾಗಿಲ್ಲ. ನಾನು ಏನು ಕೊಟ್ಟರೂ ಅವನು ಹಾಸಿದ ಬಟ್ಟೆಯ ಮೇಲಿಡಬೇಕು, ಅವನು ಅದನ್ನು ಎಳೆದುಕೊಳ್ಳಬೇಕು. ಮಾತಿನಲ್ಲೂ "ನೀವು" ಎನ್ನಬೇಕು. ಇಲ್ಲಿ ಬರೆಯುವಾಗ ಯಾರು ನೋಡುತ್ತಾರೆ, ಅವನು ಎಂದೇ ಬರೆಯುತ್ತೇನೆ.

ಜುಲೈ 31

ಬೆಳಿಗ್ಗೆ ಭಿಕ್ಷೆಗೆ ಸಾಲಿನ ಕೊನೆಯಲ್ಲಿ ಬಂದ. ಬಟ್ಟಲಿಗೆ ಅನ್ನದ ಉಂಡೆ ಹಾಕುತ್ತ ಮೆಲ್ಲಗೆ ಕೇಳಿದೆ, "ಸ್ನಾನ ಮಾಡಲ್ವಾ ಅಲ್ಲಿ? ಅರಿಶಿನ ಇನ್ನೂ ಹೋಗಿಲ್ಲ ನಿಮ್ಮ ಮೈಯಿಂದ."

"ಮಾಡ್ತೀನಿ ಯೋಮ್" ಎಂದ. ಗೃಹಸ್ಥರನ್ನು ಭಿಕ್ಷುಗಳು ಕರೆಯುವ ಹಾಗೆ ಹೆಂಡತಿಯನ್ನು ಕರೆದ. ಮನೆಗೆ ಬಂದು ಒಬ್ಬಳೇ ನಕ್ಕೆ.

ಹಿಂದೆಯೇ ನಡೆಯುತ್ತಿದ್ದ ಫಿಕುನಕ್ಕ ಮಾತ್ರ ನಗಲಿಲ್ಲ. "ಹನ್ನೆರಡು ದಿನ ನಿಲ್ಲೋ ಅರಿಶಿನ ನಾನು ನೋಡಿಲ್ಲ" ಎಂದಳು. ಕಾವಿಯ ಛಾಯೆ ಬಿದ್ದಿರುತ್ತದೆ ಎಂದೆ.

ಆಗಸ್ಟ್ 11

ಹಿರಿಯ ಭಿಕ್ಷುಗಳು ಬೆಳಕಿನಲ್ಲಿ ನಿಲ್ಲಿಸಿ ಅವನ ಕಣ್ಣ ರೆಪ್ಪೆ ಎತ್ತಿ ನೋಡಿದರಂತೆ. ನೋಡಿ, ತಾವೇ ವಿಹಾರದ ಪಿಕಪ್ಪಿನಲ್ಲಿ ಕೂರಿಸಿಕೊಂಡು ನಗರಕ್ಕೆ ಹೋದರು. ನಾನು ಹಿಂದೆ, ಬುಟ್ಟಿಗಳ ಜೊತೆ.

ಅದೇ ವೈದ್ಯೆ. ನನ್ನನ್ನು ಗುರುತು ಹಿಡಿದು ನಕ್ಕಳು, ಅವನನ್ನು ನೋಡಿ ನಗು ನಿಲ್ಲಿಸಿದಳು. ಗಂಟು ಲಿವರಿನ ಬಾಯಲ್ಲೇ ಇದೆ, ಎರಡೂ ಕಡೆಯ ನಾಳಗಳನ್ನು ಹಿಡಿದುಕೊಂಡಿದೆ. ಕತ್ತರಿಸಲು ಆಗುವುದಿಲ್ಲ, ತಡವಾಗಿದೆ.

ನಾನು ಜಗಳಕ್ಕೇ ನಿಂತೆ. "ಅವ್ರ ಅಂಕಿ ಒಂದೂ ಇರ್ಲಿಲ್ಲ. ಊರಿಗೆಲ್ಲ ಕಡಿಮೆ ಅವ್ರದ್ದೇ. ನಿಮ್ಮದೇ ಕಾಗದ."

ಆಕೆ ಕುರ್ಚಿ ಹತ್ತಿರಕ್ಕೆ ಎಳೆದು ಕೂತಳು. "ದೊಡ್ಡಮ್ಮ, ಕೆಲವ್ರ ಮೈ ಆ ಪ್ರೋಟೀನನ್ನ ಮಾಡೋದೇ ಇಲ್ಲ. ಹುಟ್ಟಿದಾಗ್ನಿಂದ ಹಾಗೆ. ಒಳಗೆ ಎಷ್ಟೇ ದೊಡ್ಡ ಗಂಟಿರ್ಲಿ, ಅಂಕಿ ಸೊನ್ನೆ ಹತ್ರಾನೇ ಇರುತ್ತೆ. ಅಷ್ಟು ಕಡಿಮೆ ಬಂದ್ರೆ ಗೆದ್ದ ಹಾಗಲ್ಲ. ಆ ಪರೀಕ್ಷೆಗೆ ಅವರು ಕಾಣೋದೇ ಇಲ್ಲ ಅಂತ ಅರ್ಥ. ಅದಕ್ಕೇ ಸ್ಕ್ಯಾನಿಗೆ ಬನ್ನಿ ಅಂತ ಕರೆಯೋದು."

ಮಂಚದ ಮೇಲೆ ಥೋನ್ ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಕೆರೆದುಕೊಂಡು ಅವನ ಮುಂಗೈ ತುಂಬ ಗೀರು ಬಿದ್ದಿತ್ತು. ನಾನು ಕೈ ಚಾಚಿದೆ. ಹಿರಿಯ ಭಿಕ್ಷುಗಳು ಮೆಲ್ಲಗೆ ಕೆಮ್ಮಿದರು. ಕೈ ಹಿಂದಕ್ಕೆ ತೆಗೆದುಕೊಂಡೆ.

ಆಗಸ್ಟ್ 12

ಹಿಂದಿನ ಪುಟ ತಿರುಗಿಸಿ ನೋಡಿದೆ. ಕೆರೆತ, ಪ್ಯಾಂಟು, ಬಚ್ಚಲು, ಕಣ್ಣು. ನನ್ನ ಕೈಬರಹವೇ. ಇನ್ನು ನೋಡುವುದಿಲ್ಲ.

ಆಗಸ್ಟ್ 30

ನಾಳದಲ್ಲಿ ಕೊಳವೆ ಕೂರಿಸಿ ಕಳಿಸಿದ್ದಾರೆ. ಹಳದಿ ಸ್ವಲ್ಪ ಇಳಿದಿದೆ, ಕೆರೆತ ನಿಂತಿದೆ. ಎಷ್ಟು ಕಾಲ ಎಂದು ಕೇಳಿದ್ದಕ್ಕೆ ಮಳೆಗಾಲ ಮುಗಿಯುವ ತನಕ ಇದ್ದರೆ ಹೆಚ್ಚು ಎಂದರು.

ಕಾವಿ ಬಿಟ್ಟು ಮನೆಗೆ ಬಾ ಎಂದು ಹೇಳಲು ಹೋದೆ. ಹಿರಿಯ ಭಿಕ್ಷುಗಳು ನನ್ನ ಕಡೆಗೇ ಇದ್ದರು. "ರೋಗ ಬಂದ್ಮೇಲೆ ವ್ರತ ಬಿಟ್ರೆ ಪಾಪ ಇಲ್ಲ, ಥೋನ್. ಬುದ್ಧ ಪೊಲೀಸ್ ಅಲ್ಲ. ಮನೆಗೆ ಹೋಗು, ಇವಳ ಕೈಯಲ್ಲಿ ಗಂಜಿ ಕುಡಿ" ಎಂದರು.

ಥೋನ್ ಗೋಡೆಗೆ ಒರಗಿ ಕೂತಿದ್ದ. ಕುಟೀರದ ತುಂಬ ಔಷಧದ ವಾಸನೆ.

"ಒಂದ್ ದಿನಾನೂ ಕಡಿಮೆ ಮಾಡಲ್ಲ ಅಂತ ಮಾತು ಕೊಟ್ಟಿದೀನಿ. ಮುರಿದ್ರೆ ಅವ್ಳಿಗೆ ವಾಪಸ್ ಬರುತ್ತೆ."

"ಏನ್ ವಾಪಸ್ ಬರೋದು? ಕಲ್ಲು ಅದು. ಇಕ್ಕಳದಲ್ಲಿ ಹಿಡಿದು ಕಿತ್ತು ಹಾಕಿದ್ದಾರೆ. ನೀನೇ ನೋಡಿದೀಯ" ಎಂದೆ. ನೀವು ಎನ್ನುವುದೂ ಮರೆತುಹೋಗಿತ್ತು.

"ಹರಕೆ ಹೊತ್ತ ಮೇಲಲ್ವಾ ಅದು ಕಲ್ಲು ಅಂತ ಆಗಿದ್ದು" ಎಂದ, ಮಗುವಿಗೆ ಹೇಳುವವನ ಹಾಗೆ.

ಇಂಥವನ ಹತ್ತಿರ ಏನು ವಾದ ಮಾಡಲಿ. ಸೋತು ಬಂದೆ.

ಸೆಪ್ಟೆಂಬರ್ 22

ಇವತ್ತಿನದನ್ನು ಸರಿಯಾಗಿ ಬರೆದಿಡುತ್ತೇನೆ.

ನಿನ್ನೆ ನನ್ನ ರಕ್ತದ ಫಲಿತಾಂಶ ಬಂತು. ಹತ್ತೊಂಬತ್ತು. ನುಚ್ ಫೋನಿನಲ್ಲಿ ಖುಷಿಯಿಂದ ಹೇಳಿದಳು. ರಾತ್ರಿಯೆಲ್ಲ ಮಲಗಿ ಒಂದು ಉಪಾಯ ಕಟ್ಟಿದೆ. ಮತ್ತೆ ಏರಿದೆ ಎಂದು ಹೇಳಿಬಿಡುವುದು. ಇನ್ನೂರಾಗಿದೆ ಎನ್ನುವುದು. ನಿನ್ನ ಹರಕೆ ಕೈಗೂಡಲಿಲ್ಲ ಥೋನ್, ಇನ್ನೇಕೆ ಇಲ್ಲಿ ಕೂರುತ್ತೀಯ, ಬಾ ಮನೆಗೆ, ಇಬ್ಬರೂ ಒಟ್ಟಿಗೆ ಇರೋಣ ಎನ್ನುವುದು. ಬಂದೇ ಬರುತ್ತಾನೆ. ಬಂದರೆ ಅವನ ಬೆನ್ನು ಒರೆಸಬಹುದು, ತಲೆ ತೊಡೆಯ ಮೇಲಿಟ್ಟುಕೊಳ್ಳಬಹುದು. ಈಗ ಅದನ್ನೆಲ್ಲ ಗಿರಣಿಯವನು ಮಾಡುತ್ತಾನೆ. ಅವನ ಒರಟು ಕೈ ನೋಡಿದರೆ ನನಗೆ ಹೊಟ್ಟೆಯುರಿಯುತ್ತದೆ. ಹೆಂಡತಿ ಬಾಗಿಲ ಹೊರಗೆ, ಕುಡಿಯುವ ಗೆಳೆಯ ಒಳಗೆ.

ಗಂಜಿ ತೆಗೆದುಕೊಂಡು ಹೋದೆ. ಸುಳ್ಳು ನಾಲಗೆಯ ಮೇಲೇ ಇತ್ತು. ಅವನು ಬಟ್ಟೆ ಹಾಸಿದ, ನಾನು ಬಟ್ಟಲಿಟ್ಟೆ. ಎಳೆದುಕೊಳ್ಳಲು ಅವನಿಗೆ ಶಕ್ತಿ ಸಾಲಲಿಲ್ಲ, ಗಿರಣಿಯವನು ಬಟ್ಟೆಯ ತುದಿ ಹಿಡಿದು ಎಳೆದ.

"ರಕ್ತ ಏನಂತೆ ಯೋಮ್?" ಎಂದ.

ತಾರೀಖು ನೆನಪಿಟ್ಟುಕೊಂಡಿದ್ದ. ಕುಡಿದ ಗಂಜಿ ನಿಲ್ಲದವನು, ಕಾಲು ಊದಿ ಎದ್ದು ನಿಲ್ಲಲಾಗದವನು, ನನ್ನ ರಕ್ತದ ತಾರೀಖು ಎಣಿಸುತ್ತ ಕೂತಿದ್ದ. ಆ ಮುಖಕ್ಕೆ ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ.

"ಹತ್ತೊಂಬತ್ತು" ಎಂದೆ.

"ಹತ್ತೊಂಬತ್ತು" ಎಂದ. ಗಿರಣಿಯವನ ಕಡೆ ತಿರುಗಿ ಇನ್ನೊಂದು ಸಲ ಹೇಳಿದ. "ಕೇಳಿದ್ಯೇನೋ? ಹತ್ತೊಂಬತ್ತಂತೆ. ನಾನ್ ಹೇಳಿರ್ಲಿಲ್ವಾ. ಫಲ ಕೊಡ್ತು."

ಕಲ್ಲು ತೆಗೆದದ್ದಕ್ಕೆ ಇಳಿದದ್ದು ಎಂದು ಹೇಳಬಹುದಿತ್ತು. "ಹೌದು, ಕೊಡ್ತು. ನಿಮ್ಮಿಂದಾನೇ ಉಳಿದೆ" ಎಂದೆ. ಅವನು ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ನಗುತ್ತಲೇ ಇದ್ದ. ಇನ್ನು ಅವನು ಮನೆಗೆ ಬರುವುದಿಲ್ಲ. ನಾನೇ ಬಾಗಿಲು ಹಾಕಿದ ಹಾಗಾಯಿತು.

ಅಕ್ಟೋಬರ್ 3

ಅವನಿಗೆ ಮಾತು ನಿಂತಿದೆ. ದಿನವೂ ಹೊರಗಿನ ಮೆಟ್ಟಿಲ ಮೇಲೆ ಕೂತು ಬರುತ್ತೇನೆ. ನನ್ನ ಕೆಮ್ಮು ಕೇಳಿದರೆ ಅವನೂ ಒಳಗಿಂದ ಕೆಮ್ಮುತ್ತಾನೆ.

ಅಕ್ಟೋಬರ್ 8

ಇವತ್ತು ಒಳಗಿಂದ ಕೆಮ್ಮು ಬರಲಿಲ್ಲ.

ಅಕ್ಟೋಬರ್ 12

ಹೋದ. ಬೆಳಗಿನ ಪಠಣ ನಡೆಯುತ್ತಿದ್ದಾಗ. ವ್ರತ ಮುಗಿಯಲು ಇನ್ನು ಕೆಲವೇ ದಿನ ಇತ್ತು. ಹಿರಿಯ ಭಿಕ್ಷುಗಳು ಕಾವಿಯಲ್ಲೇ ಹೋದವನಿಗೆ ಲೆಕ್ಕವೆಲ್ಲ ಪೂರ್ತಿ ಎಂದರು. ಇರಬಹುದು.

ಮೈ ತೊಳೆದದ್ದು ಗಂಡಸರು. ನಾನು ಹೊರಗೆ ನಿಂತು ಕೊಡದ ಸದ್ದು ಕೇಳಿದೆ. ಆಮೇಲೆ ಚಾವಡಿಗೆ ತಂದು ಮಲಗಿಸಿ, ಬಲಗೈಯನ್ನು ಹೊರಗೆ ಚಾಚಿ, ಕೆಳಗೆ ಬೋಗುಣಿ ಇಟ್ಟರು. ಕೈಗೆ ನೀರು ಹೊಯ್ದು ಕ್ಷಮೆ ಕೇಳುವ ಸಾಲು ನಿಂತಿತು. ಮೊದಲು ಭಿಕ್ಷುಗಳು, ಆಮೇಲೆ ನಾನು.

ಮಲ್ಲಿಗೆ ತೇಲುವ ಬಟ್ಟಲು ಕೊಟ್ಟರು. ಒಂದು ಕೈಯಲ್ಲಿ ಹೊಯ್ದೆ. ಹಳದಿ ಅಂಗೈಗೆ ಬಿದ್ದು, ಬೆರಳುಗಳ ನಡುವೆ ಇಳಿದು, ನೀರು ಕೆಳಗೆ ಸುರಿಯಿತು. ಮುಟ್ಟುವ ಹಾಗಿಲ್ಲ, ಗೊತ್ತಿತ್ತು. ಇನ್ನೊಂದು ಕೈಯನ್ನು ಅವನ ಬೆರಳುಗಳ ಕೆಳಗೆ, ಬೋಗುಣಿಯ ಮೇಲೆ ಹಿಡಿದೆ. ಅವನನ್ನು ಮುಟ್ಟಿದ ನೀರು ನನ್ನ ಅಂಗೈಗೆ ಬಂತು.

ಹಿರಿಯ ಭಿಕ್ಷುಗಳು ನೋಡಿದರು. ಈ ಸಲ ಕೆಮ್ಮಲಿಲ್ಲ.

ಬಟ್ಟಲು ಖಾಲಿಯಾಯಿತು. ಫಿಕುನಕ್ಕ ತನ್ನ ಬಟ್ಟಲನ್ನು ನನ್ನದಕ್ಕೆ ಬಗ್ಗಿಸಿ "ಹೊಯ್ಯಿ, ಇನ್ನೊಂದ್ಸಲ ಹೊಯ್ಯಿ" ಎಂದಳು. ಅವಳ ಹಿಂದಿನವರೂ ಹಾಗೇ ಮಾಡಿದರು. ನಾನು ಹೊಯ್ಯುತ್ತಲೇ ಇದ್ದೆ, ಕೈ ತೆಗೆಯಲಿಲ್ಲ.